ಮೂರನೇ ಪೆಟ್ಟಿಗೆ

ಮಾರ್ಚ್ 16, 2025, ಭಾನುವಾರ
ಭಾಗಮಂಡಲ

ಬೆಳಿಗ್ಗೆ ಮೂರನೇ ಜೇನುಪೆಟ್ಟಿಗೆ ತೆಗೆದಾಗಿನಿಂದ ಮನಸ್ಸು ಸರಿಯಿಲ್ಲ. ಮರಿಗಳು ಬೆಳೆಯುವ ಮೇಣದ ಹಲ್ಲೆಯಲ್ಲಿ, ಅಂದರೆ ಮರಿ ಎರಿಯಲ್ಲಿ, ನಾಲ್ಕೈದು ಕಡೆ ಮುಚ್ಚಳ ತೂತಾಗಿತ್ತು. ಒಳಗೆ ಮರಿ ತಲೆ ಮೇಲೆತ್ತಿ ಉದ್ದಕ್ಕೆ ಬಿದ್ದಿದೆ. ಕಡ್ಡಿ ತುದಿಯಲ್ಲಿ ಎತ್ತಿದೆ. ನೀರು ತುಂಬಿದ ಚೀಲದ ಹಾಗೆ ಜೋತುಬಿತ್ತು.

ಈ ಚೀಲವನ್ನು ಮೊದಲು ನೋಡಿದ್ದು ಅಪ್ಪನ ಕೈಯಲ್ಲಿ, 1991-92ರ ಹೊತ್ತಿಗೆ. ನಮ್ಮ ಇಪ್ಪತ್ತೆರಡು ಪೆಟ್ಟಿಗೆಯಲ್ಲಿ ಒಂದು ಉಳಿಯಿತು. ಕೊಡಗಿನಲ್ಲಷ್ಟೇ ಅಲ್ಲ, ದಕ್ಷಿಣದ ಕಡೆಯೆಲ್ಲ, ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಹಾಗೇ ಖಾಲಿಯಾಯಿತು. ಕಾರಣ ಥಾಯ್ ಸ್ಯಾಕ್‌ಬ್ರೂಡ್, 1976ರಲ್ಲಿ ಥೈಲ್ಯಾಂಡಿನಲ್ಲಿ ಕಂಡ ವೈರಸ್. ಅಪ್ಪನಿಗೆ ಆ ಹೆಸರು ಗೊತ್ತಿರಲಿಲ್ಲ. ಸೊರಗಿದ ಜೇನಿನ ಸಂಸಾರಕ್ಕೆ ಬಲ ಬರಲಿ ಅಂತ ಪಕ್ಕದ ಪೆಟ್ಟಿಗೆಯ ಎರಿ ಕೊಡುತ್ತಿದ್ದರು. ಅದೇ ಕೈ, ಅದೇ ಚಾಕು.

ಸಂಜೆ ತಮ್ಮನ ಮಗಳಿಗೆ ಫೋನ್ ಮಾಡಿದೆ. ಜೀವಶಾಸ್ತ್ರ ಓದುತ್ತಿದ್ದಾಳಲ್ಲ.

“ದೊಡ್ಡಪ್ಪ, ಈಗ ಹುಳ ಸಾಯೋವರೆಗೂ ಕಾಯಬೇಕಾಗಿಲ್ಲ. ಚೆನ್ನಾಗಿರೋ ಹುಳಗಳನ್ನೇ ಅರೆದು, ಅದರಲ್ಲಿರೋ ಆರ್‌ಎನ್‌ಎ ಎಲ್ಲ ಓದಿಬಿಡ್ತಾರೆ. ಯಾರೂ ಹೆಸರಿಡದ ವೈರಸ್‌ಗಳು ಸಿಗ್ತಾ ಇವೆ. ಕಾಡುಜೇನಲ್ಲೂ, ಒಂಟಿಯಾಗಿ ಗೂಡು ಕಟ್ಟೋ ದುಂಬಿಗಳಲ್ಲೂ.”

“ಎಲ್ಲ ಕೊಲ್ಲುವಂಥವೇ ಮಗಳೇ?”

“ಇಲ್ಲಪ್ಪ. ಸಿಕ್ಕಿದ ಮಾತ್ರಕ್ಕೆ ರೋಗ ಅಂತ ಅಲ್ಲ. ಕೆಲವು, ಅವು ತಿಂದ ಪರಾಗದಲ್ಲಿದ್ದ ಗಿಡದ ವೈರಸ್ ಇರಬಹುದು. ಯಾವುದು ಹುಳದೊಳಗೆ ಬೆಳೀತಿದೆ ಅಂತ ಬೇರೆಯಾಗೇ ನೋಡಬೇಕು.”

ಒಂದು ಗಳಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವಳೇ ಅಂದಳು, ರೆಕ್ಕೆ ಮುರುಟಿಸುವ ವೈರಸ್ ಸಾಕಿದ ಜೇನಿನಿಂದ ಹೊರದೇಶಗಳ ಕಾಡುದುಂಬಿಗೂ ದಾಟಿದೆಯಂತೆ. “ಎಲ್ಲವೂ ಒಂದೇ ಹೂವಿಗೆ ಹೋಗ್ತಾವಲ್ಲ ದೊಡ್ಡಪ್ಪ.”

ಫೋನಿಟ್ಟು ತೋಟಕ್ಕೆ ಹೋದೆ. ಸ್ಪ್ರಿಂಕ್ಲರ್ ಹಾಕಿದ ರೋಬಸ್ಟಾ ಕಾಫಿ ಹೂಬಿಟ್ಟು ಬೆಳ್ಳಗಾಗಿದೆ, ಪರಿಮಳಕ್ಕೆ ತಲೆ ತುಂಬಿಹೋಗುತ್ತದೆ. ಮಧ್ಯಾಹ್ನ ಇಲ್ಲೇ ಒಂದು ರೆಂಬೆಯಲ್ಲಿ ಹೆಜ್ಜೇನು, ತುಡುವೆ, ಗೋಡೆ ಸಂದಿಯ ಕುಟುಕದ ಪುಟ್ಟ ಮಿಸ್ರಿ ಜೇನು, ಮೂರನ್ನೂ ನೋಡಿದ್ದೆ. ಎಷ್ಟು ಖುಷಿಪಟ್ಟಿದ್ದೆ! ಪೆಟ್ಟಿಗೆಯ ಕಾಯಿಲೆ ನನ್ನ ಮನೆಯದು, ನನ್ನ ನಷ್ಟ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಮರದ ಮೇಲಿನ ಹೆಜ್ಜೇನಿನ ಎರಿಯನ್ನು ತೆಗೆದು ನೋಡುವವರು ಯಾರು? ಅದು ಖಾಲಿಯಾದರೆ ಎದ್ದುಹೋಯಿತು ಅಂತೇವೆ.

ಚಾಕುವನ್ನು ಕುದಿಯುವ ನೀರಿಗೆ ಹಾಕಿದ್ದೇನೆ. ನಾಳೆ ಮೂರನೇ ಪೆಟ್ಟಿಗೆಯ ಮರಿ ಎರಿ ಸುಡಬೇಕು. ದೊಡ್ಡ ಹುಳಗಳು ವೈರಸ್ ಹೊತ್ತಿದ್ದರೂ ನೋಡಿದರೆ ಗೊತ್ತಾಗುವುದಿಲ್ಲವಂತೆ. ಅವು ಇವತ್ತು ಹಗಲಿಡೀ ಆ ರೆಂಬೆಯಲ್ಲೇ…