ಅದನ್ನು ಹಾಜರಿ ಅಂದುಕೊಂಡಿದ್ದರು

ಸ್ಪ್ಯಾನರ್ ಬಿದ್ದ ಸದ್ದು ನನಗೆ ಕೇಳಿಸಲಿಲ್ಲ. ಜನರೇಟರ್ ಓಡುತ್ತಿತ್ತು, ಪಕ್ಕದ ರಸ್ತೆಯಲ್ಲಿ ಬಸ್ಸುಗಳ ಹಾರ್ನು. ನನಗೆ ಕಂಡದ್ದು ನೆಲದಿಂದ ಎದ್ದ ಒಂದು ಹಿಡಿ ಧೂಳು. ಧೂಳಿನ ಪಕ್ಕದಲ್ಲೇ ಆ ಅಮ್ಮ ಪೊರಕೆ ಹಿಡಿದು ನಿಂತಿದ್ದರು. ಏನಾಯಿತು ಅಂತ ಅವರಿಗೂ ಗೊತ್ತಾಗಿರಲಿಲ್ಲ. ಕಾಲ ಕೆಳಗೆ ನೋಡಿದರು. ಎಡಗಾಲಿನಿಂದ ಒಂದು ಗೇಣು ದೂರದಲ್ಲಿ, ಶಟರಿಂಗ್, ಅಂದರೆ ಕಾಂಕ್ರೀಟ್ ಸುರಿಯುವ ಅಚ್ಚು, ಬಿಗಿಯುವ ದೊಡ್ಡ ಸ್ಪ್ಯಾನರ್ ಮಣ್ಣಿನಲ್ಲಿ ಅರ್ಧ ಹೂತು ನಿಂತಿತ್ತು.

ನಾನು ಓಡಿಹೋಗಿ ಅವರ ಕೈ ಹಿಡಿದು ಆಚೆ ಎಳೆದುಕೊಂಡು ಬಂದೆ. ನನ್ನ ಬಾಯಿಂದ ಬಂದ ಮೊದಲ ಮಾತು, "ಅಮ್ಮಾ, ಇಲ್ಲಿಗೆ ಯಾಕೆ ಬಂದ್ರಿ?"

ಅವರು ನನ್ನ ಮುಖವನ್ನೇ ನೋಡಿದರು. ಸ್ಪ್ಯಾನರ್ ಬಗ್ಗೆ ಏನೂ ಹೇಳಲಿಲ್ಲ. "ನೀವು ಕನ್ನಡದವ್ರೇನು ಯಪ್ಪಾ?" ಅಂದರು. "ಮೂರು ತಿಂಗಳಾತು ನಾವು ಬಂದು. ನಿಮ್ಮ ಬಾಯಾಗ ಕನ್ನಡ ಇವತ್ತೇ ಕೇಳಿದ್ದು ನೋಡ್ರಿ."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಾನು ಆಗ ದೊಡ್ಡದೊಂದು ಕಟ್ಟಡ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಕಂಪನಿ ಯಾವುದು, ಬೆಂಗಳೂರಿನ ಯಾವ ಕಡೆಯ ಫ್ಲೈಓವರ್ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಐನೂರಕ್ಕಿಂತ ಹೆಚ್ಚು ಜನ ದುಡಿಯುವ ಜಾಗ. ಐನೂರು ಕಾರ್ಮಿಕರು ಇದ್ದ ಕಡೆ ಸೇಫ್ಟಿ ಆಫೀಸರ್ ಇರಲೇಬೇಕು ಅಂತ ಕಟ್ಟಡ ಕಾರ್ಮಿಕರ ಕಾನೂನಿನ ನಿಯಮಗಳಲ್ಲಿ ಆಗ ಇತ್ತು. 1996ರ ಕಾನೂನು ಅದು. ಅದರ ದೆಸೆಯಿಂದಲೇ ನನಗೆ ಕೆಲಸ ಸಿಕ್ಕಿದ್ದು ಅಂತ ಹೇಳಬಹುದು.

ಈ ಕೆಲಸದ ಮೇಲೆ ನನಗೆ ಪ್ರೀತಿ ಇದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿದಾಗ ನಾನು ಡಿಪ್ಲೊಮಾ ಓದುತ್ತಿದ್ದೆ. ಆಗ ಇಡೀ ಮಾರ್ಗ ಏಳು ಕಿಲೋಮೀಟರ್ ಕೂಡ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಸೇರಿ ಅದು ಸುಮಾರು 96 ಕಿಲೋಮೀಟರ್ ಆಯಿತು. ಅಷ್ಟುದ್ದಕ್ಕೂ ಒಂದೊಂದು ಕಂಬದ ಮೇಲೆ ಯಾರೋ ಬೆಲ್ಟ್ ಹುಕ್ ಹಾಕಿಕೊಂಡು ನಿಂತು ಕಬ್ಬಿಣ ಕಟ್ಟಿದ್ದಾರೆ. ಕಂಬ ನೋಡಿದಾಗೆಲ್ಲ ನನಗೆ ಅವರೇ ನೆನಪಾಗುತ್ತಾರೆ. 2023ರ ಜನವರಿ 10 ಕೂಡ ನೆನಪಾಗುತ್ತದೆ. ಅವತ್ತು ಹೊರವರ್ತುಲ ರಸ್ತೆಯಲ್ಲಿ, ಎಚ್‌ಬಿಆರ್ ಲೇಔಟ್ ಹತ್ತಿರ, ಮೆಟ್ರೋ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದ ಕಬ್ಬಿಣ ರಸ್ತೆಗೆ ಉರುಳಿ, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಕೊಂಡರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ನಮ್ಮ ಸೈಟಿಗೆ ಹೋಗಿ ಕಬ್ಬಿಣಕ್ಕೆ ಕಟ್ಟಿದ್ದ ಆಧಾರದ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ್ದೆ. ನಾನು ಹುಷಾರಾಗಿದ್ದೇನೆ ಅಂತ ನಂಬಿದ್ದ ಮನುಷ್ಯ ನಾನು.

ಸ್ಪ್ಯಾನರ್ ಬಿದ್ದ ದಿನದ ಬೆಳಿಗ್ಗೆಯೂ ಎಂದಿನಂತೆ ಎಂಟೂವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದೆವು. ಟೂಲ್ ಬಾಕ್ಸ್ ಟಾಕ್ ಅನ್ನುತ್ತೇವೆ ಅದಕ್ಕೆ. ಇವತ್ತು ಏನು ಕೆಲಸ, ಎಲ್ಲಿ ಅಪಾಯ, ಯಾರು ಎಲ್ಲಿಗೆ ಹೋಗಬಾರದು ಅಂತ ಹತ್ತು ನಿಮಿಷ ಹೇಳುವುದು. ಕಂಬದ ತಲೆಯ ಮೇಲೆ ಶಟರಿಂಗ್ ನಡೆಯುತ್ತಿದೆ, ಕೆಳಗೆ ಟೇಪು ಕಟ್ಟಿದ ಜಾಗಕ್ಕೆ ಯಾರೂ ಕಾಲಿಡಬೇಡಿ ಅಂತ ನಾನೇ ಹೇಳಿದ್ದೆ. ಹಿಂದಿಯಲ್ಲಿ. ನಮ್ಮಲ್ಲಿ ಜಾಸ್ತಿ ಜನ ಜಾರ್ಖಂಡ್, ಬಿಹಾರ, ಬಂಗಾಳದವರು. ಅವರಿಗೆ ತಿಳಿಯಲಿ ಅಂತ ಹಿಂದಿ ಶುರು ಮಾಡಿದ್ದು ಎಷ್ಟು ರೂಢಿಯಾಗಿತ್ತೆಂದರೆ, ಸೈಟಿನ ಗೇಟು ದಾಟಿದ ಕೂಡಲೇ ನನ್ನ ಬಾಯಿ ತಾನಾಗಿಯೇ ಹಿಂದಿಗೆ ತಿರುಗುತ್ತಿತ್ತು. ಗುಡಿಸುವುದು, ನೀರು ಹಾಕುವುದು, ಕಬ್ಬಿಣದ ಚೂರು ಆಯುವುದು, ಇಷ್ಟೂ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದ ಹನ್ನೊಂದು ಮಂದಿ ಇದ್ದರು. ಎಂಟು ಹೆಂಗಸರು, ಮೂವರು ಗಂಡಸರು. ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಮಾತು ಮುಗಿದ ಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕುವವರು ಸಹಿ, ಬಾರದವರು ಹೆಬ್ಬೆಟ್ಟು.

ಮಧ್ಯಾಹ್ನ ಆ ಅಮ್ಮನಿಗೆ ಟೀ ಕೊಡಿಸಿ ನೆರಳಲ್ಲಿ ಕೂರಿಸಿ ಕೇಳಿದೆ. ಬೆಳಿಗ್ಗೆ ಹೇಳಿದ್ದೆನಲ್ಲ ಅಮ್ಮಾ, ಆ ಕಡೆ ಹೋಗಬೇಡಿ ಅಂತ?

"ಮುಂಜಾನಿ ನೀವು ಹೇಳೂದು ನಮಗ ತಿಳಿಯಂಗಿಲ್ರಿ. ಎಲ್ಲಾರೂ ತಲಿ ಅಲ್ಲಾಡಸ್ತಾರ, ನಾವೂ ಅಲ್ಲಾಡಸ್ತೀವಿ. ಆಮ್ಯಾಲ ಹೆಬ್ಬಟ್ಟ ಒತ್ತು ಅಂತಾರ, ಒತ್ತತೀವಿ. ಅದು ಹಾಜರಿ ಅಂತ ತಿಳ್ಕೊಂಡಿದ್ವಿರಿ."

ನಾನು ಆಫೀಸಿನ ಕಂಟೇನರಿಗೆ ಹೋಗಿ ರಿಜಿಸ್ಟರ್ ತೆಗೆದೆ. ಮೂರು ತಿಂಗಳ ಪುಟಗಳನ್ನು ತಿರುವಿದೆ. ನೀಲಿ ಶಾಯಿಯ ಹೆಬ್ಬೆಟ್ಟು, ಪಕ್ಕದಲ್ಲಿ ನನ್ನ ಸಹಿ. ಮತ್ತೆ ಹೆಬ್ಬೆಟ್ಟು, ಮತ್ತೆ ನನ್ನ ಸಹಿ. ಪುಟದ ತಲೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದು, ಅಪಾಯಗಳ ಬಗ್ಗೆ ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಲಾಗಿದೆ ಅಂತ. ಸ್ಪ್ಯಾನರ್ ಒಂದು ಗೇಣು ಈ ಕಡೆ ಬಿದ್ದಿದ್ದರೆ, ಆ ಪುಟವೇ ನಮ್ಮ ರಕ್ಷಣೆಗೆ ಬರುತ್ತಿತ್ತು. ಹೇಳಿದ್ದೆವು, ಆಕೆಯೇ ಕೇಳಲಿಲ್ಲ ಅಂತ. ಹೇಳಿದವನು ನಾನು. ತುಮಕೂರಿನ ಹುಡುಗ, ಯಾದಗಿರಿಯ ತಾಯಿಗೆ, ಬೆಂಗಳೂರಿನಲ್ಲಿ ನಿಂತು, ಹಿಂದಿಯಲ್ಲಿ ಹೇಳಿದ್ದೆ.

ಹೆಲ್ಮೆಟ್ ಇತ್ತಲ್ಲ ಅಂತ ಅವತ್ತು ಒಬ್ಬರು ಅಂದರು. ಇತ್ತು, ಸರಿಯಾಗಿಯೇ ಹಾಕಿಕೊಂಡಿದ್ದರು. ಆದರೆ ಲೆಕ್ಕ ಹಾಕಿ ನೋಡಿ. ಯುರೋಪಿನ ಮಾನದಂಡದಲ್ಲಿ ಹೆಲ್ಮೆಟ್ ಪರೀಕ್ಷೆಗೆ ಐದು ಕೆ.ಜಿ. ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ನಮ್ಮ ಸ್ಪ್ಯಾನರ್ ಒಂದೂಕಾಲು ಕೆ.ಜಿ., ಬಿದ್ದದ್ದು ಹನ್ನೆರಡು ಮೀಟರಿನಿಂದ. ಐದನ್ನು ಒಂದರಿಂದ ಗುಣಿಸಿದರೆ ಐದು. ಒಂದೂಕಾಲನ್ನು ಹನ್ನೆರಡರಿಂದ ಗುಣಿಸಿದರೆ ಹದಿನೈದು. ಅಂದರೆ ಮೂರು ಪಟ್ಟು ಪೆಟ್ಟು. ಕೆಳಗೆ ತಲುಪಲು ಅದಕ್ಕೆ ಬೇಕಾದದ್ದು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್. ಮೇಲಿನಿಂದ ಕೂಗಿದರೂ ತಲೆ ಎತ್ತುವಷ್ಟು ಹೊತ್ತು ಇಲ್ಲ. ಹೆಲ್ಮೆಟ್ ಸಣ್ಣ ಪುಟ್ಟದಕ್ಕೆ. ದೊಡ್ಡದು ಬೀಳದ ಹಾಗೆ ಮೇಲೆಯೇ ತಡೆಯಬೇಕು.

ಮೇಲೆ ಹತ್ತಿ ನೋಡಿದೆ. ಸ್ಕ್ಯಾಫೋಲ್ಡಿಂಗಿನ, ಅಂದರೆ ನಿಂತು ಕೆಲಸ ಮಾಡುವ ಅಟ್ಟಣಿಗೆಯ, ಹಲಗೆ ಅಂಚಿಗೆ ಆರಿಂಚು ಎತ್ತರದ ಪಟ್ಟಿ ನಿಲ್ಲಿಸಿರುತ್ತೇವೆ. ಟೋ ಬೋರ್ಡ್ ಅನ್ನುತ್ತೇವೆ. ಕಾಲಿಗೆ ತಾಗಿದ ಸಾಮಾನು ಉರುಳಿ ಕೆಳಗೆ ಬೀಳದಿರಲಿ ಅಂತ ಅದು. ಒಂದು ಕಡೆ ಆ ಪಟ್ಟಿಯೇ ಇರಲಿಲ್ಲ. ನಗರದಲ್ಲಿ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ನಿರ್ಬಂಧ ಇರುವುದರಿಂದ ನಮ್ಮ ದೊಡ್ಡ ಕೆಲಸ ನಡೆಯುವುದು ರಾತ್ರಿ. ರಾತ್ರಿ ಪಾಳಿಯವರು ಕಬ್ಬಿಣ ಒಳಗೆ ಎಳೆದುಕೊಳ್ಳಲು ಪಟ್ಟಿ ಬಿಚ್ಚಿದ್ದರು, ಮತ್ತೆ ಕಟ್ಟಿರಲಿಲ್ಲ. ಬೆಳಿಗ್ಗೆ ಪರೀಕ್ಷೆ ಮಾಡಬೇಕಾದವರು ಹತ್ತಿ ನೋಡಿರಲಿಲ್ಲ. ಕೆಳಗೆ ಏಣಿಯ ಹತ್ತಿರ ಎಲ್ಲ ಸರಿ ಇದೆ ಅನ್ನುವ ಹಸಿರು ಚೀಟಿ ನೇತಾಡುತ್ತಿತ್ತು.

ಸ್ಪ್ಯಾನರ್ ಬೀಳಿಸಿದವನು ಜಾರ್ಖಂಡಿನ ಹುಡುಗ, ಹತ್ತೊಂಬತ್ತು ವರ್ಷ. ಮೂಲೆಯಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದ. ಕೈ ನಡುಗುತ್ತಿತ್ತು. ಸ್ಪ್ಯಾನರನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ದಾರ ಎಲ್ಲಿ ಅಂತ ಕೇಳಿದೆ. ಹದಿನಾಲ್ಕು ಜನ ಮೇಲಿದ್ದರು, ಸ್ಟೋರಿನಲ್ಲಿ ಕೊಟ್ಟದ್ದು ಆರು ದಾರ. ಹೊಸಬನಿಗೆ ಸಿಕ್ಕಿರಲಿಲ್ಲ.

ಸಂಜೆ ಮೀಟಿಂಗ್ ಆಯಿತು. ಇಂಥದ್ದಕ್ಕೆ ನಾವು ನಿಯರ್ ಮಿಸ್ ಅನ್ನುತ್ತೇವೆ, ಅಂದರೆ ಕೂದಲೆಳೆಯಲ್ಲಿ ತಪ್ಪಿದ್ದು. ಅದಕ್ಕೊಂದು ಫಾರಂ ಇದೆ. ಕಾರಣ ಬರೆಯುವ ಜಾಗದಲ್ಲಿ, ಕಾರ್ಮಿಕನ ಅಜಾಗರೂಕತೆ ಅಂತ ಬರೆದು ಹುಡುಗನನ್ನು ಊರಿಗೆ ಕಳಿಸಿಬಿಡೋಣ ಅಂದರು ಶಟರಿಂಗ್ ಸೂಪರ್‌ವೈಸರ್. ಅವರು ಕೆಟ್ಟವರಲ್ಲ. ಮೂರು ರಾತ್ರಿ ನಿದ್ದೆಗೆಟ್ಟಿದ್ದರು, ಮೇಲಿನವರಿಂದ ಅವಸರ. ಆದರೂ ನಾನು ಒಪ್ಪಲಿಲ್ಲ. ಅವನನ್ನು ಕಳಿಸಿದರೆ ನಾಳೆ ಇನ್ನೊಬ್ಬ ಏನಾದರೂ ಬೀಳಿಸಿದಾಗ ಸುಮ್ನೆ ಇಳಿದು ಬಂದು ಎತ್ತಿಕೊಂಡು ಹೋಗುತ್ತಾನೆ, ನಮಗೆ ಗೊತ್ತೇ ಆಗುವುದಿಲ್ಲ ಅಂದೆ. ಅಮ್ಮನನ್ನೂ ತಪ್ಪಿತಸ್ಥರ ಸಾಲಿಗೆ ಸೇರಿಸಲು ನೋಡಿದರು. ಟೇಪು ದಾಟಿದ್ದು ಅವರ ತಪ್ಪಲ್ವಾ ಅಂತ. ನೀರಿನ ಟ್ಯಾಂಕರ್ ಒಳಗೆ ಬರಲಿ ಅಂತ ಆ ಟೇಪನ್ನು ನಾವೇ ಬಿಚ್ಚಿದ್ದೆವು. ಅದರ ಮೇಲಿದ್ದ ಬರಹವೂ ಇಂಗ್ಲಿಷು.

ಪ್ರಾಜೆಕ್ಟ್ ಮ್ಯಾನೇಜರ್ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನೀವು ಏನು ಬರೀತೀರೋ ಅದನ್ನೇ ಬರೀರಿ. ಆದರೆ ಎಲ್ಲಾನೂ ಬರೀರಿ," ಅಂದರು. ಪಟ್ಟಿ ಇರಲಿಲ್ಲ, ದಾರ ಸಾಲಲಿಲ್ಲ, ಹತ್ತಿ ನೋಡದೆ ಚೀಟಿ ಹಾಕಿದರು ಅಂತ ಬರೆದೆ. ಕೊನೆಯ ಸಾಲಿನಲ್ಲಿ, ಕೆಳಗಿದ್ದವರಿಗೆ ಅರ್ಥವಾಗುವ ಭಾಷೆಯಲ್ಲಿ ಸೇಫ್ಟಿ ಆಫೀಸರ್ ಹೇಳಿರಲಿಲ್ಲ ಅಂತಲೂ ಬರೆದೆ. ಕೆಳಗೆ ನನ್ನ ಹೆಸರು, ಸಹಿ.

ಮರುದಿನದಿಂದ ಸಾಲುಗಳು ಬದಲಾದವು. ಯಾದಗಿರಿಯವರು ಮುಂದೆ. ಮೊದಲು ಕನ್ನಡ, ಆಮೇಲೆ ಹಿಂದಿ. ಬರೀ ನಾನು ಹೇಳುವುದನ್ನು ನಿಲ್ಲಿಸಿ, ಕೇಳತೊಡಗಿದೆ. ಇವತ್ತು ಎಲ್ಲಿ ಹೋಗಬಾರದು, ಹೇಳಿ ನೋಡೋಣ. ಉತ್ತರ ಬಂದ ಮೇಲೆಯೇ ಹೆಬ್ಬೆಟ್ಟು. ಹಾಗೆ ಕೇಳುವಾಗ ಇನ್ನೊಂದು ವಿಷಯ ಗೊತ್ತಾಯಿತು. ಜಾರ್ಖಂಡಿನ ಆರೇಳು ಹುಡುಗರ ಮನೆಮಾತು ಸಂತಾಲಿ, ಅವರಿಗೂ ನನ್ನ ಹಿಂದಿ ಅರ್ಧಂಬರ್ಧವೇ. ಸ್ಪ್ಯಾನರ್ ಬೀಳಿಸಿದ ಹುಡುಗನೇ ಅವರಿಗೆ ಸಂತಾಲಿಯಲ್ಲಿ ತಿರುಗಿಸಿ ಹೇಳತೊಡಗಿದ. ಹತ್ತು ನಿಮಿಷದ ಮಾತು ಇಪ್ಪತ್ತೈದು ನಿಮಿಷ ಆಯಿತು. ತಡ ಆಗುತ್ತೆ ಅಂತ ಗೊಣಗಾಟ ಇದ್ದೇ ಇತ್ತು. ನಾನು ಬಿಡಲಿಲ್ಲ.

ಇನ್ನೊಂದು ಕೆಲಸ, ಇದಕ್ಕೆ ಸಂಬಂಧವಿಲ್ಲ ಅನ್ನಿಸಬಹುದು. ಮಾತು ಶುರುವಾದ ಮೇಲೆ ಗೊತ್ತಾಯಿತು, ಆ ಹನ್ನೊಂದು ಜನರಲ್ಲಿ ಒಬ್ಬರಿಗೂ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇರಲಿಲ್ಲ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಅಂತ ಅವರ ಹೆಸರಿನಲ್ಲೇ ವಸೂಲಾಗುತ್ತದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಹೆಸರು ಬರೆಸಬಹುದು. ಹೇಳುವವರೇ ಇರಲಿಲ್ಲ. ನಾನಂತೂ ಹೇಳಿರಲಿಲ್ಲ. ಎರಡು ಭಾನುವಾರ ಕೂತು ಅರ್ಜಿ ತುಂಬಿದೆವು.

ಐದು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಮೇಲಿನವರೆಲ್ಲ ಊಟಕ್ಕೆ ಇಳಿದಿದ್ದರು. ರಾತ್ರಿ ಕಾಂಕ್ರೀಟ್ ಇತ್ತು, ಅಷ್ಟರೊಳಗೆ ಕಂಬದ ಬುಡ ಗುಡಿಸಿಡಿ ಅಂತ ಸೂಪರ್‌ವೈಸರ್ ಅಮ್ಮನಿಗೆ ಹೇಳಿದ್ದರು. ನಾನು ಬಂದಾಗ ಅಮ್ಮ ಟೇಪಿನ ಈಚೆ ನಿಂತಿದ್ದರು. ಸೂಪರ್‌ವೈಸರ್ ಕೈ ಬೀಸಿ ಏನೋ ಹೇಳುತ್ತಿದ್ದರು.

"ಸರ್ರ, ಮ್ಯಾಲ ಪಟ್ಟಿ ಇಲ್ಲ ನೋಡ್ರಿ," ಅಂದರು ನನ್ನನ್ನು ಕಂಡು. "ಮ್ಯಾಲ ಸಾಮಾನೆಲ್ಲ ಹಂಗ ಬಿಟ್ಟ ಹೋಗ್ಯಾರ. ಗಾಳಿ ಬ್ಯಾರೆ ಐತಿ. ನಾ ಒಳಗ ಹೋಗಂಗಿಲ್ರಿ."

ಕತ್ತೆತ್ತಿ ನೋಡಿದೆ. ಬಲಮೂಲೆಯಲ್ಲಿ ಪಟ್ಟಿ ಮತ್ತೆ ಬಿಚ್ಚಿಕೊಂಡಿತ್ತು. ಐದು ನಿಮಿಷದ ಕೆಲಸ, ಗುಡಿಸಿಬಿಡಲಿ ಸರ್ ಅಂದರು ಸೂಪರ್‌ವೈಸರ್. ನಾನು ಬೇಡ ಅಂದೆ. ಊಟ ಮಾಡುತ್ತಿದ್ದ ಇಬ್ಬರು ಕೈ ತೊಳೆದುಕೊಂಡು ಬಂದು, ಬೆಲ್ಟ್ ಹಾಕಿ, ಮೇಲೆ ಹತ್ತಿದರು. ಸಾಮಾನು ಒಟ್ಟು ಮಾಡಿ, ಪಟ್ಟಿ ಕೂರಿಸಿ, ತಂತಿ ಬಿಗಿದು ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅಮ್ಮ ಕೂರಲಿಲ್ಲ. ಪೊರಕೆ ಊರಿಕೊಂಡು ಮೇಲೇ ನೋಡುತ್ತಿದ್ದರು.

ಆ ಇಬ್ಬರು ಇಳಿದ ಮೇಲೆ ಅಮ್ಮ ಕಂಬದ ಆ ಕಡೆಗೆ ಹೋಗಿ ನೋಡಿದರು, ಈ ಕಡೆಗೆ ಬಂದು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೇಪು ಎತ್ತಿಕೊಂಡು ಒಳಗೆ ಹೋದರು.