ನಿವೃತ್ತಿಗೆ ಅಂತ ಎತ್ತಿಟ್ಟ ದುಡ್ಡು ಅಲ್ಲೇ ಇದೆಯಾ?

ಹಣಕಾಸಿನ ವಿಚಾರ ಬರೆಯುತ್ತೇನೆ ಅಂತ ಗೊತ್ತಾದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಈಗ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರು ವಯಸ್ಸಾದ ಕಾಲಕ್ಕೆ ಸಾಕಾಗುವಷ್ಟು ಉಳಿಸುತ್ತಿದ್ದಾರಾ?’ ಅಪ್ಪ ಅಮ್ಮಂದಿರು ಕೇಳಿದಾಗ ಅದರಲ್ಲಿ ಸ್ವಲ್ಪ ದೂರು ಇರುತ್ತದೆ. ಇಪ್ಪತ್ತೈದು ಮೂವತ್ತರವರು ಕೇಳಿದಾಗ ಭಯ ಇರುತ್ತದೆ.

ಬಹಳಷ್ಟು ಜನ ಸಾಕಷ್ಟು ಉಳಿಸುತ್ತಿಲ್ಲ ಅನ್ನೋದು ನನ್ನ ಉತ್ತರ. ಆದರೆ ಅದಕ್ಕೆ ಹೊಸ ಫೋನು, ಪ್ರವಾಸದ ಫೋಟೋ ತೋರಿಸಿ ಬೈಯುವವರ ಜೊತೆ ನಾನು ನಿಲ್ಲುವುದಿಲ್ಲ. ನಾನು ನೋಡಿದ ಮಟ್ಟಿಗೆ ಶುರು ಮಾಡಿದವರು ಎಷ್ಟೋ ಜನ ಇದ್ದಾರೆ. ಕೂಡಿಟ್ಟದ್ದನ್ನು ನಡುವೆ ಮುರಿಯದೆ ಇಟ್ಟುಕೊಂಡವರು ಕಡಿಮೆ.

ಮೊದಲು, ಎಷ್ಟಿದ್ದರೆ ಸಾಕು ಅಂತ ನೋಡೋಣ. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ ಒಂದು ಲೆಕ್ಕ ಹಾಕಿದ. ನಿವೃತ್ತಿಯಾದ ಮೊದಲ ವರ್ಷ ಇಡುಗಂಟಿನ ಶೇ 4ರಷ್ಟು ತೆಗೆದು, ಮುಂದೆ ಬೆಲೆ ಏರಿದಷ್ಟೇ ಹೆಚ್ಚಿಸುತ್ತಾ ಹೋದರೆ ದುಡ್ಡು 30 ವರ್ಷ ಬಾಳುತ್ತದೆ ಅಂತ ಅಲ್ಲಿನ ಹಳೆಯ ಅಂಕಿಅಂಶ ಹೇಳಿತು. ಅಂದರೆ ವರ್ಷದ ಖರ್ಚಿನ 25 ಪಟ್ಟು ಕೈಯಲ್ಲಿರಬೇಕು. ಎಲ್ಲ ದೇಶಕ್ಕೂ, ಎಲ್ಲ ಕಾಲಕ್ಕೂ ಇದು ಹಾಗೇ ಹೊಂದುವುದಿಲ್ಲ. ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಈಗ 25ರ ಒಬ್ಬಳು ಹುಡುಗಿಯನ್ನು ತೆಗೆದುಕೊಳ್ಳೋಣ. ಸಂಬಳದ ಶೇ 10 ಎತ್ತಿಡುತ್ತಾಳೆ, 60ರವರೆಗೆ ಬಿಡದೆ. ಬೆಲೆಯೇರಿಕೆ ಕಳೆದು ವರ್ಷಕ್ಕೆ ಶೇ 4 ಬೆಳೆಯುತ್ತದೆ ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಅವಳ ಸಂಬಳ ಬೆಲೆಯ ಜೊತೆಗಷ್ಟೇ ಏರುತ್ತದೆ ಅನ್ನೋಣ. 60ಕ್ಕೆ ಅವಳ ಕೈಯಲ್ಲಿ ಸುಮಾರು ಏಳೂವರೆ ವರ್ಷದ ಸಂಬಳದಷ್ಟು ದುಡ್ಡಿರುತ್ತದೆ. ನಿವೃತ್ತಿಯ ಮೇಲೆ ಸಂಬಳದ ಶೇ 60ರಲ್ಲಿ ಬದುಕುತ್ತೇನೆ ಅಂದರೆ, ಆ 25 ಪಟ್ಟಿನ ಲೆಕ್ಕದಲ್ಲಿ, ಬೇಕಾಗುವುದು 15 ವರ್ಷದ ಸಂಬಳ. ಅರ್ಧ ಮಾತ್ರ ಆಯಿತು, ಅಲ್ವಾ? ಉಳಿದರ್ಧ ಪಿಂಚಣಿಯಿಂದ ಬರುವುದಾದರೆ ಶೇ 10 ಸಾಕು. ಬರದಿದ್ದರೆ ಸಾಲದು.

ಇದೇ ಹುಡುಗಿ 35ಕ್ಕೆ ಶುರು ಮಾಡಿದರೆ ಅಷ್ಟೇ ಇಡುಗಂಟಿಗೆ ಸಂಬಳದ ಶೇ 18ರ ಹತ್ತಿರ ಇಡಬೇಕು. ಇದು ಎಲ್ಲರೂ ಹೇಳುವ ಮಾತು. ಯಾರೂ ಅಷ್ಟಾಗಿ ಹೇಳದ ಇನ್ನೊಂದು ಲೆಕ್ಕ ಇದೆ. ಅವಳು 25ಕ್ಕೇ ಶುರು ಮಾಡಿದಳು. 32ಕ್ಕೆ ಕೆಲಸ ಬದಲಾಯಿಸಿದಳು. ಹಳೆ ಕಂಪನಿಯ ಖಾತೆಯಲ್ಲಿ ಒಂಬತ್ತೂವರೆ ತಿಂಗಳ ಸಂಬಳದಷ್ಟು ಸೇರಿತ್ತು. ‘ಇಷ್ಟೇ ತಾನೆ, ನಿವೃತ್ತಿಗೆ ಇನ್ನೂ ಎಷ್ಟು ದೂರ ಇದೆ’ ಅಂತ ಅದನ್ನು ತೆಗೆದಳು. ಹೊಸ ಮನೆಯ ಮುಂಗಡಕ್ಕೆ ಒಂದಿಷ್ಟು, ಹಳೆ ಸಾಲಕ್ಕೆ ಒಂದಿಷ್ಟು ಹೋಯಿತು. ಮಾರನೇ ತಿಂಗಳಿಂದ ಮತ್ತೆ ಶೇ 10 ಇಡತೊಡಗಿದಳು. 60ಕ್ಕೆ ಅವಳ ಕೈಯಲ್ಲಿ ಏಳೂವರೆಯ ಬದಲು ಐದು ವರ್ಷದ ಸಂಬಳ. ಮುರಿದದ್ದು ಒಂಬತ್ತೂವರೆ ತಿಂಗಳಿನದು, ಹೋದದ್ದು ಎರಡೂ ಕಾಲು ವರ್ಷಕ್ಕಿಂತ ಜಾಸ್ತಿ. ಆ ದುಡ್ಡಿಗೆ 28 ವರ್ಷದ ಚಕ್ರಬಡ್ಡಿ ಬಾಕಿ ಇತ್ತು, ಅಷ್ಟೇ.

ಈಗಿನವರು ಒಂದೇ ಕಡೆ ಮೂವತ್ತು ವರ್ಷ ಇರುವುದಿಲ್ಲ. ನಾಲ್ಕು ಸಲ ಕೆಲಸ ಬಿಟ್ಟರೆ ನಾಲ್ಕು ಸಲ ಆ ಫಾರ್ಮು ಎದುರಿಗೆ ಬರುತ್ತದೆ. ಹೊಸ ಖಾತೆಗೆ ವರ್ಗಾಯಿಸಬೇಕಾ, ನಗದು ಬೇಕಾ? ಎಷ್ಟೋ ಕಡೆ ವರ್ಗಾಯಿಸಲು ಓಡಾಟ ಹೆಚ್ಚು, ನಗದು ಪಡೆಯುವುದು ಸಲೀಸು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಚಾರ. ಕೆಲಸ ಬದಲಾದರೆ ದುಡ್ಡು ತಾನಾಗಿಯೇ ಹೊಸ ಖಾತೆಗೆ ಬರುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ.

ಸರ್ಕಾರಗಳೇ ಮುರಿಯಲು ಬಾಗಿಲು ತೆರೆದದ್ದೂ ಉಂಟು. ಕೊರೊನಾ ಸಮಯದಲ್ಲಿ, 2020ರ ಜುಲೈನಿಂದ 2021ರ ಏಪ್ರಿಲ್ ನಡುವೆ, ಚಿಲಿ ದೇಶ ಪಿಂಚಣಿ ಖಾತೆಯಿಂದ ಶೇ 10ರಷ್ಟು ತೆಗೆಯಲು ಮೂರು ಸಲ ಒಪ್ಪಿಗೆ ಕೊಟ್ಟಿತು. ಖಾತೆಯಲ್ಲಿ ತೀರಾ ಕಡಿಮೆ ಇದ್ದವರು ಪೂರ್ತಿ ತೆಗೆಯಬಹುದಿತ್ತು. ಹೊಟ್ಟೆಪಾಡಿಗೆ ತೆಗೆದವರನ್ನು ದೂರುವಂತಿಲ್ಲ. ಆದರೆ ಕಡಿಮೆ ಇರುವುದು ಯಾರ ಖಾತೆಯಲ್ಲಿ? ಈಗಷ್ಟೇ ದುಡಿಯಲು ಶುರು ಮಾಡಿದವರದು, ಕಡಿಮೆ ಸಂಬಳದವರದು.

ಹಾಗಾಗಿ ನನ್ನನ್ನು ಕೇಳುವವರಿಗೆ ಮೊದಲು ನಿವೃತ್ತಿಯ ಮಾತೇ ಎತ್ತುವುದಿಲ್ಲ. ಮೂರರಿಂದ ಆರು ತಿಂಗಳ ಖರ್ಚಿನಷ್ಟು ದುಡ್ಡು ಬೇಕೆಂದಾಗ ಸಿಗುವ ಹಾಗೆ ಬೇರೆ ಇಡಿ ಅನ್ನುತ್ತೇನೆ. ಅದಿಲ್ಲದವರು ಕಾಯಿಲೆ ಬಂದರೆ, ಕೆಲಸ ಹೋದರೆ ನಿವೃತ್ತಿಯ ಗಂಟಿಗೇ ಕೈ ಹಾಕಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿನಂಥ ದುಬಾರಿ ಸಾಲ ಇದ್ದರೆ ಅದನ್ನು ತೀರಿಸಿ. ಇದರ ನಡುವೆಯೂ ಬಿಡಬಾರದ್ದು ಒಂದಿದೆ. ನೀವು ಹಾಕಿದಷ್ಟಕ್ಕೆ ಕಂಪನಿಯೂ ಪಾಲು ಸೇರಿಸುವುದಾದರೆ ಆ ಪಾಲು ಪೂರ್ತಿ ಸಿಗುವಷ್ಟು ಹಾಕಿ. ಬಿಟ್ಟರೆ ನಿಮ್ಮ ಸಂಬಳವನ್ನೇ ಸುಮ್ನೆ ಬಿಟ್ಟುಕೊಟ್ಟಂತೆ.

ಹಿರಿಯರಿಗೂ ಒಂದು ಮಾತು ಹೇಳಬೇಕು. ‘ನಮ್ಮ ಕಾಲದಲ್ಲಿ ನಾವು ಉಳಿಸಲಿಲ್ಲವಾ’ ಅನ್ನುವವರಲ್ಲಿ ಹಲವರಿಗೆ ಉಳಿಸಿಕೊಟ್ಟದ್ದು ಕೆಲಸ ಕೊಟ್ಟವರು. ಕೊನೆಯ ಸಂಬಳದ ಇಷ್ಟು ಭಾಗ ಸಾಯುವ ತನಕ ಅಂತ ಮಾತು ಕೊಟ್ಟ ಪಿಂಚಣಿ ಅದು. ಮಾರುಕಟ್ಟೆ ಬಿದ್ದರೂ, ತೊಂಬತ್ತು ವರ್ಷ ಬದುಕಿದರೂ ಆ ಚಿಂತೆ ಕೆಲಸಗಾರರದ್ದಲ್ಲ. ಈಗ ಬಹಳ ಕಡೆ ಖಾತೆಗೆ ಎಷ್ಟು ಹಾಕಬೇಕು ಅನ್ನುವುದಕ್ಕೆ ಮಾತ್ರ ಲೆಕ್ಕ ಇದೆ, ಕೊನೆಗೆ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಖಾತ್ರಿ ಇಲ್ಲ. ಹೊರೆ ಹೆಗಲಿಂದ ಹೆಗಲಿಗೆ ಬಂದಿದೆ. ಅದನ್ನು ಹೊತ್ತವರನ್ನೇ ಸೋಮಾರಿಗಳು ಅನ್ನುವುದು ನ್ಯಾಯವಲ್ಲ.

ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಉಪದೇಶ ಮಾಡುವುದಕ್ಕಿಂತ ಏರ್ಪಾಡು ಬದಲಾಯಿಸುವುದು ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಇದೆ. ರಿಚರ್ಡ್ ಥೇಲರ್, ಶ್ಲೋಮೊ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಒಂದು ಕಂಪನಿಯ ಕೆಲಸಗಾರರಿಗೆ ಹೀಗೆ ಕೇಳಿದರು: ಈಗ ಏನೂ ಕಡಿಮೆ ಮಾಡಿಕೊಳ್ಳಬೇಡಿ, ಮುಂದೆ ಸಂಬಳ ಏರಿದಾಗಲೆಲ್ಲ ಅದರಲ್ಲಿ ಒಂದು ಭಾಗ ಉಳಿತಾಯಕ್ಕೆ ಹೋಗಲಿ, ಆಗಬಹುದಾ? ಬಹುತೇಕರು ಒಪ್ಪಿದರು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ 13.6ಕ್ಕೆ ಏರಿತು. ಕೈಗೆ ಬರುವ ಸಂಬಳ ಇಳಿಯದಿದ್ದರೆ ಕಳೆದುಕೊಂಡ ಹಾಗೆ ಅನಿಸುವುದು ಕಡಿಮೆ. ಬ್ರಿಟನ್ 2012ರಿಂದ ಕೆಲಸಗಾರರನ್ನು ತಾನಾಗಿಯೇ ಪಿಂಚಣಿಗೆ ಸೇರಿಸುತ್ತದೆ, ಬೇಡ ಅಂದವರು ಹೊರಗೆ ಹೋಗಬಹುದು. ಆಸ್ಟ್ರೇಲಿಯಾ 1992ರಲ್ಲಿ ಮಾಲೀಕರು ಸಂಬಳದ ಕನಿಷ್ಠ ಶೇ 3 ಹಾಕಲೇಬೇಕು ಅಂತ ಶುರು ಮಾಡಿ 2025ರ ಹೊತ್ತಿಗೆ ಶೇ 12ಕ್ಕೆ ತಂದಿದೆ.

ನಿಮ್ಮ ಕೆಲಸದಲ್ಲಿ ಇಂಥ ಏರ್ಪಾಡು ಇಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು. ಸಂಬಳ ಬಂದ ದಿನವೇ ದುಡ್ಡು ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ಸಂಬಳ ಏರಿದ ತಿಂಗಳೇ ಆ ಮೊತ್ತವನ್ನೂ ಏರಿಸಿ.

ತಿಂಗಳ ಸಂಬಳವೇ ಇಲ್ಲದವರ ಮಾತು ಬೇರೆ. ಆ್ಯಪ್ ತೋರಿಸಿದ ಕೆಲಸ ಮಾಡುವವರು, ದಿನಗೂಲಿಯವರು, ಒಂದೊಂದೇ ಪ್ರಾಜೆಕ್ಟ್ ಹಿಡಿದು ದುಡಿಯುವವರು. ತಿಂಗಳಿಗೆ ಇಷ್ಟು ಅಂತ ಇವರಿಗೆ ಕಟ್ಟು ಹಾಕಿದರೆ ಎರಡನೇ ತಿಂಗಳಿಗೇ ತಪ್ಪುತ್ತದೆ. ಕೈಗೆ ಬಂದ ಪ್ರತಿ ಪಾವತಿಯಲ್ಲೂ ಶೇ 5 ಅಂತ ಇಟ್ಟುಕೊಂಡರೆ ಕೆಲಸ ಕಡಿಮೆ ಇದ್ದಾಗ ಉಳಿತಾಯವೂ ತಾನೇ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಅಷ್ಟೂ ಆಗದವರಿದ್ದಾರೆ. ಬಾಡಿಗೆ, ಸಾಲದ ಕಂತು ಕಳೆದು ಏನೂ ಮಿಗದವರಿಗೆ ಯಾವ ಸಲಹೆಯೂ ದುಡ್ಡು ಹುಟ್ಟಿಸಿಕೊಡುವುದಿಲ್ಲ. ಅವರ ದುಡಿಮೆಯಿಂದ ಲಾಭ ಪಡೆಯುವ ಕಂಪನಿಗಳು ಉಳಿದ ಕೆಲಸಗಾರರ ಹಾಗೆ ಇವರ ಹೆಸರಲ್ಲೂ ಪಿಂಚಣಿಯ ಪಾಲು ಕಟ್ಟಬೇಕು, ಕಾನೂನು ಅದನ್ನು ಕಟ್ಟಿಸಬೇಕು.