ಹನಿ ಬಿದ್ದ ಜಾಗ, ಹಂಚು ಒಡೆದ ಜಾಗ

ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ, ಜೂನ್ ತಿಂಗಳ ಒಂದು ರಾತ್ರಿ, ಹೊರಗೆ ಮಳೆ ಬಿಡದೆ ಹೊಡೆಯುತ್ತಿರುವಾಗ, ನಾನು ಅಂತರಿಕ್ಷ ಯುದ್ಧದ ಧಾರಾವಾಹಿಯೊಂದನ್ನು ನೋಡುತ್ತಿದ್ದೆ. ನೌಕೆಗೆ ಏಟು ಬಿತ್ತು, ಕಪ್ತಾನ ಹಾನಿಯ ವರದಿ ಕೇಳಿದ, ರಕ್ಷಾಕವಚ ಶೇ. 40ಕ್ಕೆ ಇಳಿದಿದೆ ಎಂಬ ಉತ್ತರ ಬಂತು. ಅಷ್ಟರಲ್ಲಿ ಚಾವಡಿಯಿಂದ ಅಪ್ಪ ಕರೆದರು: “ಪಡುಬದಿಯ ಎರಡನೇ ಪಕ್ಕಾಸಿನ ಅಡಿಯಲ್ಲಿ ಸೋರುತ್ತಿದೆ. ಹನಿಯಲ್ಲ, ಧಾರೆಯೇ. ದೊಡ್ಡ ಪಾತ್ರೆ ತಾ.”

ಅಪ್ಪನ ವರದಿಯೇ ಮೇಲೆಂದು ನನಗನ್ನಿಸಿತು. ಎಲ್ಲಿ, ಎಷ್ಟು, ಏನು ಬೇಕು ಎಂಬ ಮೂರೂ ಅದರಲ್ಲಿದ್ದವು. ಶೇ. 40 ಎಂದರೆ ನೌಕೆಯ ಯಾವ ಭಾಗದಲ್ಲಿ ಎಂದು ಕಪ್ತಾನ ಕೇಳಲೇ ಇಲ್ಲ. 1966ರಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ಆರಂಭವಾದಂದಿನಿಂದ ಈ ಪ್ರಕಾರದ ಕಥೆಗಳು ಹುದ್ದೆ, ಶಿಸ್ತು, ಪರಿಭಾಷೆಗಳನ್ನು ನೌಕಾಪಡೆಯಿಂದ ಧಾರಾಳವಾಗಿ ಎರವಲು ಪಡೆದಿವೆ. ಆದರೆ ಅಲ್ಲಿನ ಅತ್ಯಂತ ಉಪಯುಕ್ತ ಅಭ್ಯಾಸವನ್ನು ಬಿಟ್ಟೇಬಿಟ್ಟಿವೆ. ಅಮೆರಿಕದ ಯುದ್ಧನೌಕೆಗಳಲ್ಲಿ ಪ್ರತಿ ಕೋಣೆಗೂ ಒಂದು ಸಂಖ್ಯೆಯಿದ್ದು, ಎಷ್ಟನೇ ಅಂತಸ್ತು, ಹಡಗಿನ ಪಕ್ಕೆಲುಬಿನಂಥ ಚೌಕಟ್ಟುಗಳಲ್ಲಿ ಎಷ್ಟನೆಯದು, ಯಾವ ಬದಿ ಎಂಬುದನ್ನು ಅದನ್ನು ಓದಿಯೇ ತಿಳಿಯಬಹುದು. ಎಡಕ್ಕೆ ಸಮಸಂಖ್ಯೆ, ಬಲಕ್ಕೆ ಬೆಸಸಂಖ್ಯೆ. ಹೊಗೆ ತುಂಬಿದ ಹಡಗಿನಲ್ಲಿ ಶೇಕಡಾವಾರು ಲೆಕ್ಕದಿಂದ ಯಾರಿಗೂ ದಾರಿ ಸಿಗದು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಕಥೆಯ ಸಿಬ್ಬಂದಿಗೆ ಏನು ಕೆಟ್ಟಿದೆಯೆಂಬುದು ಕ್ಷಣದಲ್ಲೇ ಗೊತ್ತಾಗಿಬಿಡುತ್ತದೆ. 1970ರ ಏಪ್ರಿಲ್ 13ರಂದು ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಮೂವರು ಯಾತ್ರಿಗಳಿಗೆ ಗೊತ್ತಾದದ್ದು ಒಂದು ಸದ್ದು ಮತ್ತು ವಿದ್ಯುತ್ ಜಾಲವೊಂದರಲ್ಲಿ ವೋಲ್ಟೇಜ್ ಕುಸಿದ ಎಚ್ಚರಿಕೆ ಮಾತ್ರ. ಅವರು ವರದಿ ಮಾಡಿದ್ದೂ ಅದನ್ನೇ. ಭೂಮಿಯ ಮೇಲಿದ್ದವರಿಗೆ ಮೊದಲು ಮಾಪಕಗಳ ಮೇಲೆಯೇ ಸಂಶಯ. ಸುಮಾರು 13 ನಿಮಿಷಗಳ ಬಳಿಕ ನೌಕೆಯ ಮುಖ್ಯಸ್ಥ ಜಿಮ್ ಲವೆಲ್ ಕಿಟಕಿಯಿಂದ ನೋಡಿದಾಗ ಯಾವುದೋ ಅನಿಲ ಹೊರಗೆ ಹೋಗುತ್ತಿರುವುದು ಕಂಡಿತು. ಆಮ್ಲಜನಕದ ತೊಟ್ಟಿ ಸಿಡಿದು ನೌಕೆಯ ಒಂದು ಪಕ್ಕದ ಹೊದಿಕೆಯೇ ಹಾರಿಹೋಗಿದ್ದನ್ನು ಅವರು ಕಣ್ಣಾರೆ ಕಂಡದ್ದು ಏಪ್ರಿಲ್ 17ರಂದು, ಮರಳಿ ಬರುವಾಗ ತೊಟ್ಟಿಯಿದ್ದ ಭಾಗವನ್ನು ಕಳಚಿದ ಮೇಲೆ.

ನಮ್ಮ ಚಾವಡಿಯ ಕಥೆಯೂ ಹಾಗೆಯೇ. ನೀರು ಬಿದ್ದಲ್ಲಿ ಹಂಚು ಗಟ್ಟಿಯಾಗಿಯೇ ಇತ್ತು. ಬೆಳಗ್ಗೆ ಮಳೆ ನಿಂತಾಗ ಅಪ್ಪ ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿಸಿ, ಕತ್ತಲು ಮಾಡಿ, ಕತ್ತೆತ್ತಿ ನೋಡಿದರು. ಮೂರು ಹಂಚು ಮೇಲೆ ಕೂದಲೆಳೆಯಷ್ಟು ಬೆಳಕು. ನೀರು ಅಲ್ಲಿಂದ ಪಕ್ಕಾಸಿನ ಬೆನ್ನು ಹಿಡಿದು ಕೆಳಗಿಳಿದಿತ್ತು.

2020ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದಲ್ಲಿ ಗಾಳಿ ಸೋರುತ್ತಿದ್ದಾಗ ಸಿಬ್ಬಂದಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ: ಚಹಾ ಎಲೆಯ ಚೂರುಗಳನ್ನು ತೇಲಿಬಿಟ್ಟು, ಬಾಗಿಲು ಮುಚ್ಚಿ, ಅವು ಎತ್ತ ಸರಿಯುತ್ತವೆಂದು ಕ್ಯಾಮೆರಾದಲ್ಲಿ ನೋಡಿ ಬಿರುಕನ್ನು ಪತ್ತೆಹಚ್ಚಿದರು. ಕಥೆಗಾರನೊಬ್ಬ ಇದನ್ನೇ ಬರೆದಿದ್ದರೆ ನಾವು ನಕ್ಕುಬಿಡುತ್ತಿದ್ದೆವೇನೋ.

ಹಂಚು ಬದಲಿಸಿಯಾಗಿದೆ. ಆದರೂ ಮುಂದಿನ ಜೋರು ಮಳೆ ಬಂದುಹೋಗುವವರೆಗೆ ಪಾತ್ರೆಯನ್ನು ಎತ್ತಬಾರದೆಂದು ಅಪ್ಪನ ಆಜ್ಞೆ.